ಮಕ್ಕಳಿಲ್ಲದ ಮನೆಗೆ ಬಳಪ

ಜೂನ್ ತಿಂಗಳಲ್ಲಿ ತಂದ ಒಂದು ಡಬ್ಬಿ ಬಳಪ ಮುನಿಕೃಷ್ಣಮ್ಮನ ಅಂಗಡಿಯಲ್ಲಿ ಮಾರನೇ ವರ್ಷದ ಬೇಸಿಗೆಯವರೆಗೂ ಉಳಿಯುತ್ತಿತ್ತು. ಸೊಣ್ಣಪ್ಪನಪಾಳ್ಯದ ಮಕ್ಕಳಲ್ಲಿ ಅರ್ಧಕ್ಕರ್ಧ ಈಗ ಹಳದಿ ವ್ಯಾನು ಹತ್ತಿ ಯಲಹಂಕದ ಕಾನ್ವೆಂಟುಗಳಿಗೆ ಹೋಗುತ್ತವೆ. ಅವಕ್ಕೆ ಪೆನ್ಸಿಲ್ಲು, ಸ್ಕೆಚ್ ಪೆನ್ನು ಬೇಕು. ಸ್ಲೇಟು ಹಿಡಿಯುವವು ಊರಿನ ಸರ್ಕಾರಿ ಶಾಲೆಯ ಏಳೆಂಟು ಮಕ್ಕಳು ಮಾತ್ರ. ಆದರೆ ಈ ಸಲ ದಸರೆಗೆ ಇನ್ನೂ ಹದಿನೈದು ದಿನವಿರುವಾಗಲೇ ಎರಡನೇ ಡಬ್ಬಿಯ ತಳ ಕಾಣುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಅಂಗಡಿಯ ಹಲಗೆಗಳನ್ನು ಒರೆಸುತ್ತಾ ಅವಳು ಆ ಡಬ್ಬಿಯನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿದಳು. ಯಾರು ಕೊಂಡರು ಇಷ್ಟೊಂದು? ನೆನಪು ಮಾಡಿಕೊಳ್ಳುತ್ತಾ ಹೋದಂತೆ ಒಂದೇ ಮುಖ ಮತ್ತೆ ಮತ್ತೆ ಕಣ್ಣ ಮುಂದೆ ಬಂತು. ಪಿಳ್ಳಮ್ಮನ ಸೊಸೆ ಧನುಶ್ರೀ. ಶುಕ್ರವಾರ ಬಂದಿದ್ದಳು. ಭಾನುವಾರ ಬಂದಿದ್ದಳು. ನಿನ್ನೆ ಸಂಜೆಯೂ ಬಂದು, ಸೆರಗಿನ ಮರೆಯಲ್ಲಿ ಕೈ ಚಾಚಿ ನಾಲ್ಕು ಬಳಪ ತೆಗೆದುಕೊಂಡು ಹೋಗಿದ್ದಳು.

ಪಿಳ್ಳಮ್ಮನ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೇ ಇಲ್ಲ. ಪಿಳ್ಳಮ್ಮ, ಹೂವಿನ ಟೆಂಪೋ ಓಡಿಸುವ ಮಗ ಶರತ್, ಸೊಸೆ ಧನುಶ್ರೀ, ಮೂರೇ ಜನ. ನಾಲ್ಕನೆಯದು ಇನ್ನೂ ಧನುಶ್ರೀಯ ಹೊಟ್ಟೆಯಲ್ಲಿತ್ತು. ಆರು ತುಂಬಿ ಏಳಕ್ಕೆ ಬಿದ್ದಿತ್ತು.

ಡಬ್ಬಿ ಹಿಡಿದುಕೊಂಡೇ ಮುನಿಕೃಷ್ಣಮ್ಮ ಸ್ಟೂಲಿನ ಮೇಲೆ ಕೂತಳು. ಬೇಡ ಬೇಡವೆಂದರೂ ಬಾಯಲ್ಲಿ ನೀರೂರಿತು. ಮೂವತ್ತು ವರ್ಷದ ಹಿಂದಿನ ರುಚಿ ನಾಲಿಗೆಯ ಬುಡಕ್ಕೆ ಬಂದು ಕೂತುಬಿಟ್ಟಿತು.

ಆಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಶೆಟ್ಟಿಹಳ್ಳಿಯಿಂದ ಈ ಊರಿನ ಚಿಕ್ಕಹನುಮಯ್ಯನನ್ನು ಮದುವೆಯಾಗಿ ಬಂದು, ಮೊದಲ ಬಸುರಿ. ಐದನೇ ತಿಂಗಳಿಂದ ಅವಳಿಗೆ ಮಣ್ಣಿನ ಹುಚ್ಚು ಹಿಡಿಯಿತು. ಕೊಟ್ಟಿಗೆಯ ಗೋಡೆಗೆ ನೀರು ಬಿದ್ದು ವಾಸನೆ ಎದ್ದರೆ ಸಾಕು, ಕಾಲು ತಾನಾಗಿ ಅತ್ತ ನಡೆಯುತ್ತಿತ್ತು. ಯಾರಿಗೂ ಕಾಣದ ಮೂಲೆಯಲ್ಲಿ ನಿಂತು ಉಗುರಿನಿಂದ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಅತ್ತೆ ನೋಡಿಬಿಟ್ಟಳು. ಬೀದಿಯ ಹೆಂಗಸರನ್ನೆಲ್ಲ ಕರೆದು, ಗೋಡೆಯಲ್ಲಿ ಬಿದ್ದಿದ್ದ ಗುಂಡಿ ತೋರಿಸಿ, “ನೋಡ್ರವ್ವ, ನಮ್ಮನೇಲಿ ಹಿಟ್ಟಿಲ್ಲ ಅಂತ ನಮ್ ಸೊಸೆ ಗೋಡೆ ತಿಂತಾವ್ಳೆ” ಎಂದು ನಕ್ಕಳು. ಎಲ್ಲರೂ ನಕ್ಕರು. ಮುನಿಕೃಷ್ಣಮ್ಮ ತುಟಿಯ ಮಣ್ಣು ಒರೆಸಿಕೊಳ್ಳಲೂ ಆಗದೆ ನಿಂತಿದ್ದಳು.

ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಮಗು ಅಲ್ಲಾಡುವುದು ನಿಂತಿತು. ಎರಡು ದಿನ ಕಾದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಂಡು ಮಗು. ಮಣ್ಣು ತಿಂದವಳು ಮಗುವನ್ನೂ ಮಣ್ಣಿಗೆ ಹಾಕಿದಳು ಎಂದು ಹಿತ್ತಿಲಲ್ಲಿ ಯಾರೋ ಅಂದದ್ದು ಅವಳ ಕಿವಿಗೆ ಬಿತ್ತು. ಮೂರು ವರ್ಷದ ಮೇಲೆ ನರೇಂದ್ರ ಹುಟ್ಟಿದ. ಬದುಕಿ ಬೆಳೆದು ಈಗ ಬಸ್ ಕಂಡಕ್ಟರ್ ಆಗಿ ಗಂಗಾನಗರದಲ್ಲಿ ಸಂಸಾರ ಮಾಡಿಕೊಂಡಿದ್ದಾನೆ. ಆದರೆ ಹಿತ್ತಿಲ ಆ ಮಾತು ಅವಳನ್ನು ಬಿಟ್ಟಿರಲಿಲ್ಲ. ಅದು ನಿಜವೆಂದೇ ಅವಳು ನಂಬಿದ್ದಳು.

ಹಾಗಾದರೆ ಈಗ ತಾನು ಎರಡು ತಿಂಗಳಿಂದ ಮಾರಿದ್ದು ಏನು? ಅವಳು ಡಬ್ಬಿಯನ್ನು ಅಕ್ಕಿ ಮೂಟೆಯ ಹಿಂದಕ್ಕೆ ತಳ್ಳಿದಳು.

ಸಂಜೆ ಧನುಶ್ರೀ ಬಂದಳು. ಮಧುಗಿರಿ ಕಡೆಯ ಹುಡುಗಿ, ಇಪ್ಪತ್ತೊಂದು ವರ್ಷ. ಮದುವೆಯಲ್ಲಿ ನೋಡಿದಾಗ ಎಣ್ಣೆಗಪ್ಪಿನ ಮುಖ ಮಿರಮಿರ ಮಿನುಗುತ್ತಿತ್ತು. ಈಗ ಆ ಮುಖದ ಮೇಲೆ ಬೂದಿ ಬಳಿದ ಹಾಗಿತ್ತು.

“ದೊಡ್ಡಮ್ಮ, ಎರಡು ಬಳಪ.”

“ಖಾಲಿ ಆಗೋಯ್ತು ಕಣಮ್ಮ.”

ಹುಡುಗಿಯ ಕಣ್ಣು ಹಲಗೆಯ ಮೇಲೆಲ್ಲ ಓಡಾಡಿತು. “ಒಂದೂ ಇಲ್ವಾ? ಮುರ್ದಿರೋದಾದ್ರೂ ಪರ್ವಾಗಿಲ್ಲ.”

“ಯಾರಿಗಮ್ಮ ಬಳಪ?”

“ನಮ್ಮಕ್ಕನ ಮಗೂಗೆ.”

ಅವಳ ಅಕ್ಕ ಇರುವುದು ಮಧುಗಿರಿಯಲ್ಲಿ. ಮುನಿಕೃಷ್ಣಮ್ಮ ಹುಡುಗಿಯ ತುಟಿಯ ಅಂಚಿನಲ್ಲಿ ಬೆಳ್ಳಗೆ ಒಣಗಿದ್ದ ಗೆರೆಯನ್ನು ನೋಡಿ ಮುಖ ತಿರುಗಿಸಿಕೊಂಡಳು.

ಮಾರನೇ ದಿನ ಹತ್ತು ಗಂಟೆಗೆ ಅಂಗಡಿಯ ಮುಂದೆ ನೀರು ಚಿಮುಕಿಸಿ ತಲೆ ಎತ್ತಿದವಳಿಗೆ ಧನುಶ್ರೀ ಮುಖ್ಯರಸ್ತೆಯ ಕಡೆ ಹೋಗುತ್ತಿರುವುದು ಕಾಣಿಸಿತು. ರಸ್ತೆಯಾಚೆ ಇನ್ನೊಂದು ಅಂಗಡಿ ಇದೆ. ಆ ರಸ್ತೆಯಲ್ಲಿ ಲೇಔಟುಗಳಿಗೆ ಜಲ್ಲಿ ಹೊರುವ ಟಿಪ್ಪರ್‌ಗಳು ಹಗಲಿಡೀ ಓಡುತ್ತವೆ. ಹುಡುಗಿ ಅರ್ಧ ರಸ್ತೆ ದಾಟಿದವಳು ತಟ್ಟನೆ ನಿಂತಳು. ಒಂದು ಕೈ ಹಣೆಗೆ ಹೋಯಿತು, ಇನ್ನೊಂದು ಗಾಳಿಯಲ್ಲಿ ಏನನ್ನೋ ಹಿಡಿಯಲು ಹುಡುಕಿತು. ಟಿಪ್ಪರೊಂದು ಹಾರ್ನ್ ಹೊಡೆಯುತ್ತಾ ಅವಳ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋಯಿತು.

ಮುನಿಕೃಷ್ಣಮ್ಮ ಚೊಂಬು ಅಲ್ಲೇ ಎಸೆದು ಬರಿಗಾಲಲ್ಲಿ ಓಡಿದಳು. ನಲವತ್ತು ದಾಟಿದ ಮೇಲೆ ಅವಳು ಓಡಿದ್ದು ಅದೇ ಮೊದಲು. ಹುಡುಗಿಯ ರೆಟ್ಟೆ ಹಿಡಿದು, ಕೈಯೆತ್ತಿ ಗಾಡಿಗಳನ್ನು ನಿಲ್ಲಿಸಿ, ಎಳೆದುಕೊಂಡು ಬಂದು ಅಂಗಡಿಯ ಒಳಗೆ ಕೂರಿಸಿದಳು. ಹಿಡಿದ ರೆಟ್ಟೆ ತಣ್ಣಗಿತ್ತು.

ಮಜ್ಜಿಗೆ ಕುಡಿಸಿ, ಉಸಿರು ಸರಿಹೋಗುವವರೆಗೂ ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು.

“ದಿನಕ್ಕೆ ಎಷ್ಟು ತಿಂತೀಯವ್ವ?”

ಧನುಶ್ರೀ ತಲೆ ಬಗ್ಗಿಸಿದಳು. “ಮೂರು. ಒಂದೊಂದ್ ದಿನ ಐದು. ತಡ್ಕೊಳಕ್ಕೆ ಆಗಲ್ಲ ದೊಡ್ಡಮ್ಮ. ಊಟ ಮುಂದಿದ್ರೆ ವಾಕರಿಕೆ, ಬಳಪ ಅಂದ್ರೆ ಜೀವ. ನಾನೇನ್ ಹುಚ್ಚಿನಾ?”

“ಅಲ್ಲ ಕಣೇ.”

“ನಮ್ಮತ್ತೆಗೆ ಏಳ್ಬೇಡಿ. ಕೈ ಮುಗೀತೀನಿ. ಮಣ್ಣು ತಿನ್ನೋಳು ಅಂತ ನಮ್ಮೂರ್ವರ್ಗೂ ಸುದ್ದಿ ಓಗ್ತದೆ.”

“ಏಳಲ್ಲ,” ಎಂದಳು ಮುನಿಕೃಷ್ಣಮ್ಮ. ಅಂದ ಮೇಲೆ ಅವಳಿಗೇ ಭಯವಾಯಿತು. ಮಾತು ಕೊಟ್ಟಾಗಿತ್ತು.

ಕೇಳುತ್ತಾ ಹೋದಂತೆ ಒಂದೊಂದೇ ಸಂಗತಿ ಹೊರಗೆ ಬಂತು. ತಾಯಿ ಕಾರ್ಡ್ ಮಾಡಿಸಿದ್ದು ತವರಿನಲ್ಲಿ. ರಕ್ತ ನೋಡಿದ್ದು ಮೂರನೇ ತಿಂಗಳಲ್ಲಿ ಒಂದೇ ಸಲ. ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ನುಂಗಿದರೆ ಹೊಟ್ಟೆ ತೊಳಸುತ್ತದೆ ಅಂತ ಇವಳು ಬಿಟ್ಟಳು, ಮಗು ಕಪ್ಪಾಗುತ್ತದೆ ಅಂತ ಅತ್ತೆಯೂ ಹ್ಞೂಂ ಅಂದಳು. ಮೊಟ್ಟೆ ಉಷ್ಣ, ಸೊಪ್ಪು ಶೀತ, ಹೆಚ್ಚು ಮುದ್ದೆ ತಿಂದರೆ ಮಗು ದಪ್ಪವಾಗಿ ಆಪರೇಷನ್ ಆಗುತ್ತದೆ. ಹೀಗಾಗಿ ಮಧ್ಯಾಹ್ನ ಒಂದು ಹಿಡಿ ಅನ್ನ, ತಿಳಿಸಾರು. ಹಸಿವು ಕೆರಳಿದರೆ ಟೀ.

“ಅತ್ತೆ ಕೆಟ್ಟೋರಲ್ಲ ದೊಡ್ಡಮ್ಮ,” ಎಂದಳು ಧನುಶ್ರೀ. “ಅವ್ರೂ ಅಷ್ಟೇ ತಿನ್ನೋದು.”

ಅವಳು ಎದ್ದು ಮನೆಗೆ ಹೋದ ಮೇಲೆ ಮುನಿಕೃಷ್ಣಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರೋ ಸಕ್ಕರೆ ಕೇಳಿದರೆ ಉಪ್ಪು ತೂಗಿ ಕೊಟ್ಟಳು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಮಸೀದಿ ಬೀದಿಯ ಫಾಯಿಜಾಳ ಮನೆಗೆ ಹೊರಟಳು. ಫಾಯಿಜಾ ಆ ಊರಿನ ಆಶಾ ಕಾರ್ಯಕರ್ತೆ. ಹನ್ನೊಂದು ವರ್ಷದಿಂದ ಊರಿನ ಬಸುರಿಯರ ಹಿಂದೆ, ಬಾಣಂತಿಯರ ಹಿಂದೆ ಅಲೆಯುತ್ತಿರುವವಳು. ಒಳಗಿದ್ದ ಮಗಳಿಗೆ ಉರ್ದುವಿನಲ್ಲಿ ಏನೋ ಹೇಳಿ, ಸೆರಗು ತಲೆಗೆಳೆದುಕೊಂಡು ಹೊರಗೆ ಬಂದಳು.

“ಒಂದು ಉಡ್ಗಿ ಅವ್ಳೆ,” ಎಂದು ಶುರು ಮಾಡಿದಳು ಮುನಿಕೃಷ್ಣಮ್ಮ. “ಯಾರು ಅಂತ ಕೇಳ್ಬೇಡ. ಬಸುರಿ. ಬಳಪ ತಿಂತಾವ್ಳೆ. ಮಗು ಒಳಗೇ ಸತ್ತೋಗ್ತದಾ ಫಾಯಿಜಾ?”

ಫಾಯಿಜಾ ಒಂದು ಕ್ಷಣ ಅವಳ ಮುಖ ನೋಡಿದಳು. “ಬಳಪ ಒಳ್ಳೇದಲ್ಲಮ್ಮ. ಆದ್ರೆ ಮಗೂನ ಸಾಯ್ಸೋದು ಬಳಪ ಅಲ್ಲ. ಮೈಯಲ್ಲಿ ರಕ್ತ ಕಮ್ಮಿ ಆದಾಗ ಹಿಂಗೆ ಮಣ್ಣು, ಸುಣ್ಣ, ಬಳಪ ತಿನ್ಬೇಕು ಅನ್ಸುತ್ತೆ. ನಾನು ಎಷ್ಟ್ ಜನಾನ್ನ ನೋಡಿದೀನಿ. ಅದು ಚಟ ಅಲ್ಲ, ಕಾಯಿಲೆ ಹೇಳೋ ಮಾತು. ತಾಯಿಗೇ ರಕ್ತ ಇಲ್ಲ ಅಂದ್ರೆ ಮಗೂಗೆ ಎಲ್ಲಿಂದ ಸಿಗ್ಬೇಕು? ಹೆರಿಗೇಲಿ ಒಂದು ಲೋಟ ರಕ್ತ ಹೋದ್ರೂ ಅಂಥೋರು ತಡ್ಕೊಳಲ್ಲ.”

“ಅಂದ್ರೆ, ಮೊದ್ಲು ರಕ್ತ ಕಮ್ಮಿ ಆಗ್ತದೆ. ಆಮೇಲೆ ಮಣ್ಣು?”

“ಹ್ಞೂಂ.”

“ಮಣ್ಣು ತಿಂದಿದ್ದಕ್ಕೆ ಮಗು ಓಗೋದಲ್ಲ?”

“ಅಲ್ಲಮ್ಮ. ಯಾಕೆ ಅಳ್ತಿದ್ದೀರ?”

ಮುನಿಕೃಷ್ಣಮ್ಮನಿಗೆ ತಾನು ಅಳುತ್ತಿರುವುದು ಗೊತ್ತೇ ಇರಲಿಲ್ಲ. ಜಗಲಿಯ ಕಂಬ ಹಿಡಿದು ಕೂತಳು. ಫಾಯಿಜಾ ನೀರು ತಂದು ಕೊಟ್ಟು, ಪಕ್ಕದಲ್ಲಿ ಕೂತಳು. ಕೊನೆಗೆ ತಾನಾಗಿಯೇ ಹೇಳಿದಳು: “ಪಿಳ್ಳಮ್ಮನ ಸೊಸೆ ತಾನೇ? ಎರಡ್ ಸಲ ಹೋದೆ. ಪ್ರೈವೇಟಲ್ಲಿ ತೋರಿಸ್ತಿದೀವಿ ಅಂತ ಬಾಗಿಲಲ್ಲೇ ಕಳಿಸಿದ್ರು. ನೀವೇನೂ ಹೇಳ್ಬೇಡಿ, ನಾನೂ ಕೇಳಲ್ಲ. ನಾಳೆ ಗುರುವಾರ, ಅಂಗನವಾಡಿಗೆ ಸಿಸ್ಟರ್ ಬರ್ತಾರೆ, ಲಸಿಕೆ ದಿನ. ಊರಿನ ಹೆಂಗಸರಿಗೆಲ್ಲ ರಕ್ತ ನೋಡ್ತೀವಿ ಅಂತ ಹೇಳ್ಬಿಡ್ತೀನಿ. ನೀವು ಪಿಳ್ಳಮ್ಮನ್ನ ಕರ್ಕೊಂಡು ಬನ್ನಿ. ಅವ್ರು ಬಂದ್ರೆ ಸೊಸೇನೂ ಬರ್ತಾಳೆ.”

ಅಂದು ಸಂಜೆ ಚಿಕ್ಕಹನುಮಯ್ಯ ಅಲ್ಲಾಳಸಂದ್ರದಿಂದ ಬಂದ. ಅಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಅವನು ಮಾಲಿ. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತವನಿಗೆ ಮುನಿಕೃಷ್ಣಮ್ಮ ಮುದ್ದೆ ಇಟ್ಟು, ಸಾರು ಬಡಿಸಿ, ಇದ್ದಕ್ಕಿದ್ದಂತೆ ಹೇಳಿದಳು.

“ಆ ಮಗು ನಾನು ಮಣ್ಣು ತಿಂದಿದ್ದಕ್ಕೆ ಓಗಿದ್ದಲ್ಲವಂತೆ.”

ಯಾವ ಮಗು ಎಂದು ಅವನು ಕೇಳಲಿಲ್ಲ. ಕೈ ತಟ್ಟೆಯಲ್ಲೇ ನಿಂತಿತು. “ನಾನೇನಾರ ಅಂದಿದ್ನಾ?”

“ಅಂದಿರ್ಲಿಲ್ಲ. ಅಲ್ಲ ಅಂತ್ಲೂ ಅಂದಿರ್ಲಿಲ್ಲ.”

ಚಿಕ್ಕಹನುಮಯ್ಯ ತಲೆ ಬಗ್ಗಿಸಿಕೊಂಡು ಉಂಡ. ಉಂಡು ಎದ್ದವನು ಎಂದೂ ಇಲ್ಲದಂತೆ ಅವಳ ತಟ್ಟೆಗೂ ತಾನೇ ಬಡಿಸಿ, “ನೀನೂ ಉಣ್ಣು” ಎಂದು ಎದುರಿಗೆ ಕೂತ. ಅವಳು ಮುದ್ದೆಯನ್ನು ಬೆರಳಲ್ಲಿ ಮುರಿಯುತ್ತಾ ಕೂತಳು. ನಾಳೆ ಪಿಳ್ಳಮ್ಮ ಬರದಿದ್ದರೆ? ಬಂದೂ ಸೊಸೆಯನ್ನು ಕರೆತರದಿದ್ದರೆ?

ಪಿಳ್ಳಮ್ಮ ಬಂದಳು, ಸೊಸೆಯನ್ನೂ ಕರೆದುಕೊಂಡು. ಊರಿಗೆಲ್ಲ ಪುಕ್ಕಟೆ ಪರೀಕ್ಷೆ ಎಂದ ಮೇಲೆ ತಾನೊಬ್ಬಳೇ ಯಾಕೆ ಬಿಡಬೇಕು ಎಂಬುದು ಅವಳ ಲೆಕ್ಕ. ಅಂಗನವಾಡಿಯ ಒಳಗೆ ಮಕ್ಕಳ ಅಳು, ಹೊರಗೆ ಹುಣಸೆ ಮರದ ಕೆಳಗೆ ಒಂದು ಮೇಜು. ನರ್ಸ್ ಬೆರಳಿಗೆ ಚುಚ್ಚಿ, ಒಂದು ಹನಿ ತೆಗೆದು ಸಣ್ಣ ಮಿಷನ್ನಿಗೆ ಹಾಕುತ್ತಿದ್ದಳು.

ಮುನಿಕೃಷ್ಣಮ್ಮ ಎಲ್ಲರಿಗಿಂತ ಮೊದಲು ಕೈ ಚಾಚಿದಳು. ಒಂಬತ್ತು ಪಾಯಿಂಟ್ ಎರಡು. ಹನ್ನೆರಡು ಇರಬೇಕು ಎಂದಳು ನರ್ಸ್. ಪಿಳ್ಳಮ್ಮನದು ಏಳು ಪಾಯಿಂಟ್ ಎಂಟು.

“ಪಿಳ್ಳಮ್ಮಾ, ಮೆಟ್ಲು ಹತ್ತಿದ್ರೆ ಏದುಸಿರು ಬರುತ್ತಾ ನಿಮಗೆ?” ಎಂದು ಕೇಳಿದಳು ಫಾಯಿಜಾ.

“ಯಾರ್ಗೆ ಬರಕಿಲ್ಲ?” ಎಂದಳು ಪಿಳ್ಳಮ್ಮ. ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬರುವುದು, ಸಂಜೆಯಾದರೆ ಕಾಲು ಸೆಳೆಯುವುದು ಹೆಂಗಸಾದ ಮೇಲೆ ಇದ್ದದ್ದೇ ಎಂದು ಅವಳು ತಿಳಿದಿದ್ದಳು.

ಆಮೇಲೆ ಧನುಶ್ರೀ. ಬೆರಳಿನಿಂದ ಬಂದ ಹನಿ ಕೆಂಪಗಿರಲಿಲ್ಲ, ನೀರು ಹೆಚ್ಚಾದ ಕುಂಕುಮದ ಹಾಗಿತ್ತು. ನರ್ಸ್ ಮಿಷನ್ ನೋಡಿದಳು. ಹುಡುಗಿಯ ಕೆಳರೆಪ್ಪೆ ಎಳೆದು ನೋಡಿ, ಇನ್ನೊಂದು ಬೆರಳು ಕೇಳಿ, ಮತ್ತೆ ಚುಚ್ಚಿದಳು. ಮುನಿಕೃಷ್ಣಮ್ಮ ಮಿಷನ್ನನ್ನು ನೋಡಲಿಲ್ಲ, ಫಾಯಿಜಾಳ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ನಗು ಆರಿದ್ದು ಕಂಡಿತು.

“ಐದು ಪಾಯಿಂಟ್ ಒಂಬತ್ತು,” ಎಂದಳು ನರ್ಸ್. “ಇವತ್ತೇ ಯಲಹಂಕದ ಆಸ್ಪತ್ರೆಗೆ ಹೋಗ್ಬೇಕು. ನಾಳೆ ಅಲ್ಲ, ಇವತ್ತು. ಅಡ್ಮಿಟ್ ಮಾಡ್ಕೋತಾರೆ. ರಕ್ತ ಏರಿಸ್ಬೇಕಾಗ್ಬಹುದು.”

ಪಿಳ್ಳಮ್ಮ ಸೊಸೆಯ ಕೈ ಹಿಡಿದು ಎಬ್ಬಿಸಿದಳು. “ರಕ್ತ ಗಿಕ್ತ ಏನೂ ಬ್ಯಾಡ. ಚೆನ್ನಾಗೇ ಅವ್ಳೆ. ನಡಿಯಮ್ಮ ಮನೆಗೆ. ಶರತ್ ಬರ್ಲಿ, ಆಮ್ಯಾಕೆ ನೋಡನ.”

“ಪಿಳ್ಳಮ್ಮ,” ಎಂದು ಮುನಿಕೃಷ್ಣಮ್ಮ ಅಡ್ಡ ನಿಂತಳು.

“ನಿಂಗೊತ್ತಿಲ್ಲ ಸುಮ್ಕಿರಕ್ಕ!” ಪಿಳ್ಳಮ್ಮನ ಧ್ವನಿ ಒಡೆಯಿತು. “ನನ್ ಮಗ್ಳಿಗೆ ರಕ್ತ ಆಗ್ಲಿ ಅಂತ ತಿನ್ಸಿ ತಿನ್ಸಿ ಮಗು ನಾಲ್ಕು ಕೇಜಿ ಆಯ್ತು. ಒಟ್ಟೆ ಕುಯ್ದ್ರು. ಒಲಿಗೆ ಬಿಟ್ಕಂಡು ಕೀವಾಗಿ ನಲವತ್ ದಿನ ಮಲ್ಗಿದ್ಳು. ನಾನು ಕ್ಯಾನ್‌ನಲ್ಲಿ ಗಂಜಿ ಒತ್ಕಂಡು ದಿನಾ ಓಡಾಡ್ದೆ, ಸತ್ತೇ ಓದ್ಳು ಅಂತ ದಿನಾ ಅತ್ತೆ. ಇವ್ಳಿಗೂ ಅಂಗೇ ಆಗ್ಬೇಕಾ?”

ಮರದ ಕೆಳಗಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಧನುಶ್ರೀ ಮುನಿಕೃಷ್ಣಮ್ಮನ ಕಡೆ ನೋಡುತ್ತಿದ್ದಳು. ಹೇಳಿಬಿಡುತ್ತಾಳೇನೋ ಎಂಬ ಹೆದರಿಕೆ ಆ ಕಣ್ಣಲ್ಲಿತ್ತು. ಬಳಪದ ವಿಷಯ ಹೇಳಿದರೆ ಪಿಳ್ಳಮ್ಮ ಈ ಕ್ಷಣವೇ ನಂಬುತ್ತಾಳೆ ಎಂದು ಮುನಿಕೃಷ್ಣಮ್ಮನಿಗೆ ಗೊತ್ತಿತ್ತು. ಆದರೆ ಕೊಟ್ಟ ಮಾತು ಮುರಿಯುವಂತಿರಲಿಲ್ಲ. ಬೇರೆ ಏನು ಹೇಳಬೇಕೋ ತೋಚದೆ ಅವಳು ತನ್ನದನ್ನೇ ಹೇಳಿದಳು.

“ಪಿಳ್ಳಮ್ಮ, ನಾನು ಮೊದಲನೇ ಬಸ್ರೀಲಿ ಕೊಟ್ಟಿಗೆ ಗೋಡೆ ತಿಂತಿದ್ದೆ. ನೀನಿನ್ನೂ ಈ ಊರ್ಗೆ ಬಂದಿರ್ಲಿಲ್ಲ. ಆದ್ರೆ ಕೇಳಿರ್ತೀಯ. ಎಲ್ರೂ ಕೇಳವ್ರೆ. ನಮ್ಮತ್ತೆ ಬೀದಿ ಸೇರ್ಸಿ ತೋರ್ಸಿದ್ಳು. ನಂಗೂ ರಕ್ತ ಇರ್ಲಿಲ್ಲ. ಯಾರೂ ಬೆರಳು ಚುಚ್ಚಿ ನೋಡ್ಲಿಲ್ಲ. ಎಂಟು ತಿಂಗಳ ಗಂಡು ಕೂಸು ಒಳಗೇ ಓಯ್ತು. ನಿನ್ ಮಗಳು ಬದ್ಕವ್ಳೆ, ಮಗು ಬದ್ಕೈತೆ. ಸಣ್ ಮಗು ಸಲೀಸಾಗಿ ಹುಟ್ಲಿ ಅಂತ ಕಾಯ್ಕಂಡು ಕೂತ್ರೆ, ನಂಗಾದಂಗೆ ಹುಟ್ಟೋ ಮೊದ್ಲೇ ಓಗ್ಬಿಡ್ತದೆ ಕಣೆ.”

ಯಾರೂ ನಗಲಿಲ್ಲ. ಅಂಗನವಾಡಿಯ ಒಳಗೆ ಚುಚ್ಚುಮದ್ದು ಹಾಕಿಸಿಕೊಂಡ ಮಗುವೊಂದು ಕಿರುಚಿತು.

ಆಗ ಧನುಶ್ರೀ ಮಾತಾಡಿದಳು. ತೀರಾ ಸಣ್ಣ ಧ್ವನಿ. “ಅತ್ತೆ, ನಾನೂ ತಿಂತೀನಿ. ಬಳಪ.”

ಪಿಳ್ಳಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ಬೈಯುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ಸೊಸೆಯ ಕೆಳರೆಪ್ಪೆಯನ್ನು ಹೆಬ್ಬೆರಳಲ್ಲಿ ಎಳೆದು ನೋಡಿದಳು, ನರ್ಸ್ ನೋಡಿದ ಹಾಗೆಯೇ. ಒಳಗೆ ಬೆಳ್ಳಗಿತ್ತು. “ಆಟೋ ಕರೀರಿ ಯಾರಾದ್ರೂ,” ಎಂದಳು.

ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ಒಂದು ಬಾಟಲಿ ರಕ್ತ ಏರಿಸಿ, ಆಮೇಲೆ ದಿನ ಬಿಟ್ಟು ದಿನ ಗ್ಲೂಕೋಸಿನ ಹಾಗೆ ಕಬ್ಬಿಣದ ಔಷಧಿ ಹಾಕಿದರು. ರಕ್ತದ ಬಾಟಲಿ ನೇತುಹಾಕಿದಾಗ ಪಿಳ್ಳಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಶರತ್ ಟೆಂಪೋವನ್ನು ಹೆಬ್ಬಾಳದಲ್ಲೇ ಯಾರಿಗೋ ಒಪ್ಪಿಸಿ ಓಡಿ ಬಂದಿದ್ದ. ಚೀಟಿಗಳನ್ನು ತಿರುಗಿಸಿ ಮುರುಗಿಸಿ, “ಮೂರನೇ ತಿಂಗಳಲ್ಲಿ ಕೊಟ್ಟಿದ್ ಪೇಪರ್ ನನ್ ಹತ್ರಾನೇ ಇತ್ತು ದೊಡ್ಡಮ್ಮ, ಗಾಡೀಲಿ. ಏನ್ ಬರ್ದವ್ರೆ ಅಂತ ನಾನು ಕೇಳ್ಲೇ ಇಲ್ಲ,” ಎಂದು ಅತ್ತ.

ಧನುಶ್ರೀ ಮನೆಗೆ ಬಂದ ಮೇಲೆ ಮುನಿಕೃಷ್ಣಮ್ಮನ ದಿಗಿಲು ಕಡಿಮೆಯಾಗಲಿಲ್ಲ; ಇನ್ನಷ್ಟು ಹೆಚ್ಚಾಯಿತು. ಇಷ್ಟು ದಿನ ಏನೂ ಗೊತ್ತಿರಲಿಲ್ಲ, ಈಗ ಲೆಕ್ಕ ಗೊತ್ತಾಗಿತ್ತು. ಹೆರಿಗೆಯ ಹೊತ್ತಿಗೆ ಹತ್ತಾದರೂ ಮುಟ್ಟಬೇಕು ಎಂದಿದ್ದರು ಡಾಕ್ಟರ್. ದಿನಾ ಮಧ್ಯಾಹ್ನ ಧನುಶ್ರೀ ಅಂಗನವಾಡಿಗೆ ಊಟಕ್ಕೆ ಹೋಗುವುದನ್ನು ಅಂಗಡಿಯಿಂದಲೇ ಕಾಯುತ್ತಿದ್ದಳು. ಐದು ನಿಮಿಷ ತಡವಾದರೆ ಎದ್ದು ಬೀದಿಯ ತುದಿಗೆ ಹೋಗಿ ಇಣುಕುತ್ತಿದ್ದಳು. ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ನುಂಗು, ಉಂಡ ತಕ್ಷಣ ಟೀ ಕುಡಿಯಬೇಡ ಎಂದು ಫಾಯಿಜಾ ಹೇಳಿದ್ದನ್ನು ಇವಳು ದಿನಕ್ಕೆರಡು ಸಲ ಹೇಳುತ್ತಿದ್ದಳು. ಮಗು ಇವತ್ತು ಅಲ್ಲಾಡಿತಾ ಎಂದು ಕೇಳದ ದಿನವಿಲ್ಲ. ಒಂದು ದಿನ ಹುಡುಗಿ ರೇಗಿ, “ಅಲ್ಲಾಡ್ತಾನೇ ಐತೆ ದೊಡ್ಡಮ್ಮ, ನಿಮಗಿಂತ ಜಾಸ್ತಿ,” ಎಂದಳು. ಮುನಿಕೃಷ್ಣಮ್ಮ ನಕ್ಕಳು. ಆದರೂ ಮಾರನೇ ದಿನ ಮತ್ತೆ ಕೇಳಿದಳು.

ಬಳಪದ ಆಸೆ ಒಮ್ಮೆಲೇ ಹೋಗಲಿಲ್ಲ. ಎರಡನೇ ವಾರದಲ್ಲಿ ಒಂದು ಸಂಜೆ ಧನುಶ್ರೀ ಬಂದು, ಏನೂ ಕೇಳದೆ, ಅಂಗಡಿಯ ಕಟ್ಟೆಯ ಮೇಲೆ ಕೂತಳು. ಎರಡೂ ಕೈ ಬಿಗಿಯಾಗಿ ಮಡಚಿದ್ದಳು. ಮುನಿಕೃಷ್ಣಮ್ಮ ಪಕ್ಕದಲ್ಲಿ ಕೂತು ಹುರಿದ ಕಡಲೆ, ಬೆಲ್ಲ ಮುಂದಿಟ್ಟಳು. ಇಬ್ಬರೂ ಸುಮ್ಮನೆ ಬಸ್ಸುಗಳನ್ನು ನೋಡುತ್ತಾ ಕೂತಿದ್ದರು. ಮೂರು ಬಸ್ಸು ಹೋದ ಮೇಲೆ ಹುಡುಗಿ ಒಂದು ಕಾಳು ಬಾಯಿಗೆ ಹಾಕಿಕೊಂಡಳು. ತಿಂಗಳು ಕಳೆಯುವ ಹೊತ್ತಿಗೆ ಆಸೆ ತಾನಾಗಿಯೇ ಬಿಟ್ಟುಹೋಗಿತ್ತು.

ಎಂಟನೇ ತಿಂಗಳು ಬಂದಾಗ ಮುನಿಕೃಷ್ಣಮ್ಮನಿಗೆ ಊಟ ಸೇರದಾಯಿತು. ಎಂಟು ಕಳೆಯಿತು. ಒಂಬತ್ತರ ಪರೀಕ್ಷೆಯಲ್ಲಿ ಎಂಟು ಪಾಯಿಂಟ್ ಆರು ಬಂತು. ಹತ್ತು ಮುಟ್ಟಿರಲಿಲ್ಲ. ಇನ್ನೂ ಮೂರು ವಾರ ಇದೆಯಲ್ಲ, ಏರುತ್ತದೆ ಎಂದಳು ಫಾಯಿಜಾ. ಮೂರು ವಾರ ಸಿಗಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಇನ್ನೂ ಮಂಜು ಕರಗಿರಲಿಲ್ಲ, ಪಿಳ್ಳಮ್ಮ ತಲೆ ಕೆದರಿಕೊಂಡು ಅಂಗಡಿಯ ಮುಂದೆ ಬಂದು ನಿಂತಳು. “ಅಕ್ಕಾ, ನೀರೊಡೀತು.” ಶರತ್ ಹೂವು ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದ. ಫಾಯಿಜಾ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದಳು. ಮೂವರು ಹೆಂಗಸರೂ ಧನುಶ್ರೀಯ ಜೊತೆ ಹತ್ತಿದರು. ಯಲಹಂಕ ಸಮೀಪಿಸುತ್ತಿದ್ದಂತೆ ಆಫೀಸಿನ ಕ್ಯಾಬುಗಳು, ಶಾಲೆ ವ್ಯಾನುಗಳು ದಾರಿಯನ್ನೆಲ್ಲ ತುಂಬಿದ್ದವು. ಸೈರನ್ ಕೂಗುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ನೋವು ಬಂದಾಗಲೆಲ್ಲ ಧನುಶ್ರೀ ಮುನಿಕೃಷ್ಣಮ್ಮನ ಮಣಿಕಟ್ಟು ಹಿಡಿಯುತ್ತಿದ್ದಳು; ಬಳೆಯೊಂದು ಒಡೆದು ಚರ್ಮಕ್ಕೆ ಚುಚ್ಚಿತು. ಚುಚ್ಚಲಿ ಎಂದುಕೊಂಡಳು. ಹಿಡಿತ ಬಿಗಿಯಾಗಿರುವುದೇ ಅವಳಿಗೆ ಬೇಕಾಗಿತ್ತು. ಸಡಿಲವಾದರೆ ಏನು ಗತಿ?

ಹನ್ನೊಂದು ಗಂಟೆಗೆ ಹೆರಿಗೆಯಾಯಿತು. ಆಪರೇಷನ್ ಬೇಕಾಗಲಿಲ್ಲ. ನರ್ಸ್ ಹೊರಗೆ ಬಂದು, ಹೆಣ್ಣು ಮಗು, ಎರಡು ಕೆಜಿ ನೂರು ಗ್ರಾಂ ಎಂದಳು. ಪಿಳ್ಳಮ್ಮ ಕೈ ಮುಗಿದಳು. ಮುನಿಕೃಷ್ಣಮ್ಮ, “ತಾಯಿ?” ಎಂದು ಕೇಳುವಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು, ನರ್ಸ್ ಓಡಿದಳು. ಬಾಗಿಲು ಮುಚ್ಚಿತು. ಒಬ್ಬ ಡಾಕ್ಟರ್ ಬಂದರು, ಇನ್ನೊಬ್ಬರು ಬಂದರು. ಟ್ರೇ ಹಿಡಿದ ಹುಡುಗಿಯೊಬ್ಬಳು ಒಳಗೆ ಹೋದಳು. ಹೊರಗೆ ಬಂದ ಬಟ್ಟೆಯ ಗಂಟನ್ನು ಮುನಿಕೃಷ್ಣಮ್ಮ ನೋಡಿದಳು, ನೋಡಬಾರದಿತ್ತು.

“ರಕ್ತಸ್ರಾವ ನಿಲ್ತಿಲ್ಲ,” ಎಂದಳು ಫಾಯಿಜಾ, ಒಳಗೆ ಕೇಳಿಕೊಂಡು ಬಂದು. “ಔಷಧಿ ಕೊಡ್ತಿದಾರೆ. ಇವಳ ಗುಂಪಿನ ರಕ್ತ ಮೊದ್ಲೇ ಹೇಳಿಟ್ಟಿದ್ವಿ, ಬಂದಿದೆ.”

ಪಿಳ್ಳಮ್ಮ ನೆಲದ ಮೇಲೆ ಕುಸಿದು ಕೂತಳು. “ನಾನೇ ಅಕ್ಕಾ. ನಾನೇ ಉಪ್ವಾಸ ಕೆಡವ್ದೆ.”

ಮೂವತ್ತು ವರ್ಷ ತಾನು ಹೊತ್ತಿದ್ದ ಮಾತು ಅದು. ಮುನಿಕೃಷ್ಣಮ್ಮ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. “ಅಂಗನ್ಬೇಡ. ಒಂದು ಸಲ ಅಂದ್ಕಂಡ್ರೆ ಬಿಡಕಿಲ್ಲ ಅದು. ನಂಗೊತ್ತು.” ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಆ ಬಾಗಿಲನ್ನೇ ನೋಡುತ್ತಾ ಕೂತರು. ಶರತ್ ಬಂದ. ನಿಂತ. ಮತ್ತೆ ಹೊರಗೆ ಹೋದ. ಮತ್ತೆ ಬಂದ. ಗೋಡೆಯ ಗಡಿಯಾರದಲ್ಲಿ ಹನ್ನೆರಡಾಯಿತು, ಒಂದಾಯಿತು.

ಎರಡಕ್ಕೆ ಹತ್ತು ನಿಮಿಷವಿರುವಾಗ ಹಿರಿಯ ಡಾಕ್ಟರಮ್ಮ ಹೊರಗೆ ಬಂದರು. ಮುಖ ಒರೆಸಿಕೊಂಡು, “ನಿಂತಿದೆ,” ಎಂದರು. “ಎರಡು ಬಾಟಲಿ ಹಾಕಿದೀವಿ. ನಾಳೆವರೆಗೂ ಕಣ್ಣಿಟ್ಟು ನೋಡ್ಬೇಕು. ಏಳನೇ ತಿಂಗಳಲ್ಲಿ ಇದ್ದ ಹಾಗೇ ಬಂದಿದ್ರೆ ನನ್ನ ಕೈಲಿ ಏನೂ ಆಗ್ತಿರ್ಲಿಲ್ಲ.”

ಆ ನಾಳೆಯೂ ಕಳೆಯಿತು. ಮೂರನೇ ದಿನ ಧನುಶ್ರೀ ಎದ್ದು ಕೂತು ಇಡ್ಲಿ ಕೇಳಿದಳು. ಮಗು ಅಂಗೈಯಷ್ಟೇ ಅಗಲ. ಬಟ್ಟೆ ಸುತ್ತಿ ಮಲಗಿಸದೆ ಸದಾ ಮೈಗೆ ಮೈ ತಾಗುವ ಹಾಗೆ ಎದೆಗೆ ಅವಚಿಕೊಂಡಿರಬೇಕೆಂದು ಹೇಳಿದ್ದರು. ತಾಯಿಗೆ ಸುಸ್ತಾದಾಗ ಪಿಳ್ಳಮ್ಮ ರವಿಕೆಯ ಗುಂಡಿ ಬಿಚ್ಚಿ ಕೂಸನ್ನು ಎದೆಗೆ ಒತ್ತಿಕೊಂಡು, ಸೀರೆ ಹೊದ್ದು, ಅಲ್ಲಾಡದೆ ಗಂಟೆಗಟ್ಟಲೆ ಕೂರುತ್ತಿದ್ದಳು.

ಮನೆಗೆ ಬಂದ ಮೇಲೂ ಜಗಳ ತಪ್ಪಲಿಲ್ಲ. ಬಾಣಂತಿಗೆ ಮೆಣಸಿನ ಸಾರು ಅನ್ನ ಬಿಟ್ಟು ಬೇರೇನೂ ಇಲ್ಲ, ನೀರು ಅರ್ಧ ಲೋಟ ಮಾತ್ರ ಎಂದು ಪಿಳ್ಳಮ್ಮ ಪಟ್ಟು ಹಿಡಿದಳು. ಮುನಿಕೃಷ್ಣಮ್ಮ ಬಾಗಿಲಲ್ಲಿ ನಿಂತು, “ಆಲು ಎಲ್ಲಿಂದ ಬರ್ಬೇಕೆ?” ಎಂದು ಕೂಗಾಡಿದಳು. ಎರಡು ದಿನ ಇಬ್ಬರಿಗೂ ಮಾತಿಲ್ಲ. ಮೂರನೇ ದಿನ ಪಿಳ್ಳಮ್ಮ ಅಂಗಡಿಗೆ ಬಂದು, ಮುಖ ಕೊಡದೆ, “ಸಬ್ಬಸಿಗೆ ಸೊಪ್ಪು ಐತಾ?” ಎಂದಳು. ಮೊಟ್ಟೆಗೆ ಇನ್ನೂ ಹತ್ತು ದಿನ ಬೇಕಾಯಿತು.

ಎರಡು ತಿಂಗಳಾದ ಮೇಲೆ ಒಂದು ಗುರುವಾರ ಮಗುವನ್ನು ತೂಕಕ್ಕೆ ಕರೆದುಕೊಂಡು ಬಂದರು. ಮೂರು ಕೆಜಿ ಇನ್ನೂರು. ಧನುಶ್ರೀಯ ರಕ್ತ ಹತ್ತು ಪಾಯಿಂಟ್ ಒಂದು. ಫಾಯಿಜಾ ಪಿಳ್ಳಮ್ಮನ ಕಡೆ ತಿರುಗಿದಳು.

“ನಂಗ್ಯಾಕೆ? ನಾನೇನ್ ಎರ್ಬೇಕಾ?” ಎಂದು ಪಿಳ್ಳಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

ಧನುಶ್ರೀ ಮಗುವನ್ನು ಮುನಿಕೃಷ್ಣಮ್ಮನ ತೋಳಿಗೆ ಕೊಟ್ಟು, ಅತ್ತೆಯ ಮಣಿಕಟ್ಟು ಹಿಡಿದು ಮೇಜಿನ ಮೇಲಿಟ್ಟಳು. ಎಂಟು ಪಾಯಿಂಟ್ ಒಂದು ಬಂತು. ಫಾಯಿಜಾ ಮಾತ್ರೆಯ ಎರಡು ಪಟ್ಟಿ ಕೊಟ್ಟಳು. ಪಿಳ್ಳಮ್ಮ ಗೊಣಗುತ್ತಲೇ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುನಿಕೃಷ್ಣಮ್ಮ ಅತ್ತ ನೋಡಲಿಲ್ಲ. ತೋಳಿನಲ್ಲಿದ್ದ ಮಗು ನಿದ್ದೆಯಲ್ಲಿ ಬಹಳ ಹೊತ್ತು ಅಲ್ಲಾಡಿರಲಿಲ್ಲ. ಅವಳು ಬಗ್ಗಿ, ಅದರ ಮೂಗಿನ ಹತ್ತಿರ ಕೆನ್ನೆ ತಂದು, ಬೆಚ್ಚಗಿನ ಉಸಿರು ತಾಗುವವರೆಗೂ ಕಾದಳು.